ಅಲುಗಬಾರದ ಒಂದು ತಾಸು

ಕಾರಟಗಿ
ಶನಿವಾರ, 8-2-2025

ಪ್ರೀತಿಯ ನಿಶಾತ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೈಯಬೇಕೆನಿಸಿದರೆ ಬೈದುಬಿಡು. ಒಂಬತ್ತು ತಿಂಗಳ ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಅಮ್ಮಿ ಹೇಗಿದ್ದಾರೆ? ಕುಷ್ಟಗಿ ಕಾಲೇಜಿನ ಪಾಠ ಹೇಗೆ ಸಾಗಿದೆ?

ಬೌದ್ಧ ಧ್ಯಾನದ ದಾರಿಗಳ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೀಯ. ವಿಪಶ್ಯನವೋ ಝೆನ್ನೋ, ಈಗ ಏನನಿಸುತ್ತದೆ ಎಂದು ಕೇಳಿದ್ದೀಯ. ಓದಿದ ಕೂಡಲೇ ಕೊಪ್ಪಳದ ಪಾಲ್ಕಿಗುಂಡು ನೆನಪಾಯಿತು. ಎಂ.ಎ. ಓದುವಾಗ ಭಾನುವಾರ ಬೆಳಿಗ್ಗೆ ಅಶೋಕನ ಶಾಸನದ ಬಂಡೆಯ ನೆರಳಲ್ಲಿ ಕೂರುತ್ತಿದ್ದೆವಲ್ಲ. ನಾನು ವಿಪಶ್ಯನ ಶಿಬಿರದಲ್ಲಿ ಕಲಿತಂತೆ ಮೂಗಿನ ತುದಿಯ ಉಸಿರು ನೋಡುತ್ತ, ಎದ್ದದ್ದೆಲ್ಲ ಅಳಿಯುತ್ತದೆಂದು ಮೆಟ್ಟಿಲು ಮೆಟ್ಟಿಲಾಗಿ ಏರುವವಳು. ನೀನು ಬಂಡೆಗೆ ಮುಖ ಮಾಡಿ, ಏರುವುದಕ್ಕೇನೂ ಇಲ್ಲ, ಕೂರುವುದೇ ಬೋಧಿ ಎನ್ನುವವಳು.

"ಉಸಿರಿಗೆ ಹಾಜರಿ ಹಾಕಾಕ ನೀ ಏನ್ ಸಾಲಿ ಅಕ್ಕೋರೇನ?" ಎಂದು ನೀನು ಕೆಣಕುತ್ತಿದ್ದೆ.

"ಹಂಗ ಕುಂತ್ರ ಕಲ್ಲಿಗೆ ಜ್ಞಾನೋದಯ ಆದೀತು, ನಿನಗಲ್ಲ" ಎನ್ನುತ್ತಿದ್ದೆ ನಾನು.

ಅಮ್ಮಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯನ್ನು ಮಂಗ ಒಯ್ದ ದಿನ ನೀನು ಎದ್ದು ಅದರ ಹಿಂದೆ ಓಡಿದೆ; ನಾನು ಕಣ್ಣು ತೆರೆಯಲಿಲ್ಲ. ಒಂದು ತಾಸು ಅಲುಗಬಾರದು, ಕಿವಿಗೆ ಬಿದ್ದದ್ದು ಬರೀ ಸದ್ದು ಎಂಬುದು ಶಿಬಿರದ ನಿಯಮ. ಪಾಲಿಸಿದೆನೆಂದು ಎಷ್ಟು ಬೀಗಿದ್ದೆ. ಹಸಿದುಕೊಂಡು ನಗುತ್ತ ಬೆಟ್ಟ ಇಳಿದೆವು. ಆ ಹಗುರ ಮತ್ತೆಂದೂ ಸಿಗಲಿಲ್ಲ.

ಇಲ್ಲಿಯ ಸುದ್ದಿ ಅಷ್ಟು ಚೆನ್ನಾಗಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಮಗಳಿಗೆ ಜ್ವರ ಏರಿ ಫಿಟ್ಸ್ ಬಂತು. ನಾನು ಪಕ್ಕದ ಕೋಣೆಯಲ್ಲಿದ್ದೆ. ಹಿತ್ತಲಿನಿಂದ ಬಂದ ಅತ್ತೆ ವಿರೂಪಾಕ್ಷಮ್ಮ ತೊಟ್ಟಿಲು ನೋಡಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಈಗ ಆರಾಮಿದ್ದಾಳೆ, ಮತ್ತೆ ಬರಲೂಬಹುದು ಎಂದಿದ್ದಾರೆ ಡಾಕ್ಟರು. ಅಂದು ಅತ್ತೆ ನನ್ನ ತಲೆ ಸವರಿ, "ಹಡದ ಮೈ ಐತಿ, ನಿದ್ದಿ ಹತ್ತಿರ್ತೈತಿ. ಮನಸಿಗೆ ಹಚ್ಕೋಬ್ಯಾಡ ಯವ್ವಾ" ಎಂದರು. ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಮಗಳ ಉಸಿರು ಎಣಿಸುತ್ತ ಕೂರುತ್ತೇನೆ.

ಸೋಮವಾರ ಅತ್ತೆ ಹನುಮಸಾಗರಕ್ಕೆ ಹೊರಡುತ್ತಾರೆ. ಇವರು ರೈಸ್ ಮಿಲ್ಲಿಗೆ ಹೋದಮೇಲೆ ಮನೆಯಲ್ಲಿ ನಾನು, ಅವಳು ಇಬ್ಬರೇ. ನನ್ನನ್ನು ನಂಬಿ ಬಿಟ್ಟುಹೋಗುತ್ತಿದ್ದಾರೆಂಬುದೇ ನನಗೆ ಭಯ.

ನಿನ್ನ ಪ್ರಬಂಧ ಬೇಗ ಮುಗಿಯಲಿ, ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯುವ ದಿನ ಬರಲಿ. ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ
ಮಲ್ಲೇಶ್ವರಿ

ತಾ.ಕ.: ಅಂದು ನನಗೆ ನಿದ್ದೆ ಹತ್ತಿರಲಿಲ್ಲ, ನಿಶಾತ. ಧ್ಯಾನಕ್ಕೆ ಕೂತಿದ್ದೆ. ಅವಳು ಅತ್ತದ್ದು ಕೇಳಿಸಿತು. ಏಳುತ್ತದೆ, ಅಳಿಯುತ್ತದೆ ಎಂದು ನೋಡುತ್ತ ಕೂತೆ. ಅಳು ನಿಂತಿತು. ಇಷ್ಟು ವರ್ಷ ಕಾದ ನಿಶ್ಶಬ್ದ ಕೊನೆಗೂ ಬಂತೆಂದು ಒಳಗೊಳಗೇ ಹಿಗ್ಗಿದೆ. ಅತ್ತೆ ಚೀರಿದಾಗಲೇ ಕಣ್ಣು ತೆರೆದದ್ದು. ದಾರಿಯ ತಪ್ಪಲ್ಲ, ಶಿಬಿರದ ನಿಯಮವನ್ನು ತೊಟ್ಟಿಲಿರುವ ಮನೆಗೆ ತಂದವಳು ನಾನು. ಅತ್ತೆ ನಿದ್ದೆ ಎಂದಾಗ ತಲೆಯಾಡಿಸಿದೆ. ಸೋಮವಾರಕ್ಕೆ ಮುಂಚೆ ಅವರಿಗೆ ನಿಜ ಹೇಳಬೇಕು. ಬಾಯಿಂದ ಮಾತು ಹೊರಡುತ್ತದೋ ಇಲ್ಲವೋ ಎಂದು ಮೊದಲು ನಿನಗೆ ಬರೆದಿದ್ದೇನೆ.