ಬದುಕಿದ್ದವಳಿಗೆ ಹಾಸಿದ ಎಲೆ

ನನ್ನ ಅಮ್ಮನಿಗೆ,

ನಿನಗೆ ಓದಲು ಬಾರದು, ಗೊತ್ತು. ನೀನಿರುವ ಕಡೆ ಐದನೆಯ ತರಗತಿ ಮುಗಿಸಿದವರು ಒಬ್ಬರಾದರೂ ಇದ್ದಾರು, ಓದಿಸಿಕೋ. ಮಾವನ ಕೈಗೆ ಮಾತ್ರ ಈ ಕಾಗದ ಕೊಡಬೇಡ. ಯಾಕೆಂದು ಕೊನೆಗೆ ತಿಳಿಯುತ್ತದೆ. ನಮ್ಮಿಬ್ಬರ ಮಾತು ಯಾವಾಗಲೂ ತುಳುವೇ ಆಗಿತ್ತು, ಆದರೆ ಶಾಲೆಯಲ್ಲಿ ಬರೆಯಲು ಕಲಿಸಿದ್ದು ಕನ್ನಡ. ಮೀನು ಮಾರಿ ನನ್ನನ್ನು ಓದಿಸಿದವಳು ನೀನು, ಆ ಐದು ತರಗತಿ ಇಂದು ಉಪಯೋಗಕ್ಕೆ ಬಂತು.

ಆಟಿ ತಿಂಗಳಲ್ಲಿ, ಹೋದವರಿಗೆ ಬಡಿಸುವ ದಿನ, ನೀನು ಚಾವಡಿಯಲ್ಲಿ ಬಾಳೆಲೆ ಹಾಸುತ್ತಿದ್ದದ್ದು ನೆನಪಾಗುತ್ತದೆ. ಗೋಡೆಯ ಕಡೆಯಿಂದ ಅಜ್ಜಿಗೆ, ಅಪ್ಪನಿಗೆ, ಬಾಗಿಲ ಹತ್ತಿರ ರಾಜೀವಿ ಅಕ್ಕನಿಗೆ. ಅಕ್ಕನ ಎಲೆಗೆ ಕೆಸುವಿನೆಲೆಯ ಪತ್ರೊಡೆ ಎರಡು ಹೆಚ್ಚು. ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋದ ಹದಿನೆಂಟರ ಹುಡುಗಿ ಹೊಳೆಗೆ ಬಿದ್ದಳು, ಹೆಣ ಸಮುದ್ರಕ್ಕೆ ಹೋಯಿತು ಎಂದು ನಿನ್ನ ಅಣ್ಣ, ನಮ್ಮ ಮಾವ, ಬಂದು ಹೇಳಿದಾಗ ನನಗೆ ಎಂಟು ವರ್ಷ. ಮಾವ ಹೇಳಿದ ಮೇಲೆ ಮುಗಿಯಿತು, ನಮ್ಮ ಮನೆಯಲ್ಲಿ ಅದಕ್ಕೆ ಎದುರು ಮಾತುಂಟೆ?

ಬಡಿಸಿ, ಬಾಗಿಲು ಮುಚ್ಚಿ, ಹೋದವರು ಉಂಡೇಳುವವರೆಗೆ ನಾವೆಲ್ಲ ಜಗಲಿಯಲ್ಲಿ ಕೂರುತ್ತಿದ್ದೆವು. ನಿನ್ನ ಹಿರಿಮಗ, ನಮ್ಮ ಸೋಮಣ್ಣ, ಮಾತ್ರ ಕೂರುತ್ತಿರಲಿಲ್ಲ. "ದೋಣಿ ನೋಡಿಕೊಂಡು ಬರ್ತೇನೆ" ಎಂದು ಎದ್ದು ಹೋಗುತ್ತಿದ್ದ. ಮಳೆಗಾಲಕ್ಕೆ ದಡಕ್ಕೆಳೆದು, ತೆಂಗಿನ ಮಡಲು ಹೊದೆಸಿಟ್ಟ ದೋಣಿ ಎಲ್ಲಿಗೆ ಓಡಿಹೋಗುತ್ತದೆ? ನಿನಗೆ ಒಂದು ದಿನವೂ ಸಂಶಯ ಬರಲಿಲ್ಲವಾ ಅಮ್ಮ? ನನಗೂ ಬರಲಿಲ್ಲ.

ಈಗ ಅಣ್ಣನಿಗೆ ಮರೆವು. ಸಮುದ್ರದ ನಡುವೆ ನಿಂತು ದೂರದ ಗುಡ್ಡ ನೋಡಿ, ಬಲೆ ಬಿಡುವ ಜಾಗ ಹೇಳುತ್ತಿದ್ದವನು ಈಗ ಬಚ್ಚಲಿಗೆ ಹೋದರೆ ಅಡುಗೆಮನೆಯಲ್ಲಿ ನಿಂತಿರುತ್ತಾನೆ. ಬೆಳಿಗ್ಗೆ ಗಂಜಿ ಉಂಡು ಕೈ ತೊಳೆದವನೇ "ಇವತ್ತು ಗಂಜಿ ಇಲ್ಲವಾ?" ಎನ್ನುತ್ತಾನೆ. ಯುದ್ಧದ ಕಾಲ, ಅಕ್ಕಿಗೂ ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲಬೇಕು. ಇವನಿಗೆ ದಿನಕ್ಕೆರಡು ಬೆಳಗಾದರೆ ನಾನು ಎಲ್ಲಿಗೆ ಹೋಗಲಿ? ಕೆಲವೊಮ್ಮೆ ನನ್ನನ್ನೇ ಅಮ್ಮ ಎನ್ನುತ್ತಾನೆ. ಆಗ ಬೈಯಲು ತೆರೆದ ಬಾಯಿ ಹಾಗೆಯೇ ಮುಚ್ಚಿಕೊಳ್ಳುತ್ತದೆ.

ನೀನು ಹೋದ ಮೇಲಿನ ಐದು ವರ್ಷದಂತೆ ಈ ಆಟಿಯಲ್ಲೂ ಎಲೆ ಹಾಸಿದವಳು ನಾನು. ನಿನಗೆ, ಮಾವನಿಗೆ, ಎಲ್ಲರಿಗೂ ಹಾಸಿ, ಬಾಗಿಲ ಬಳಿ ಅಕ್ಕನ ಎಲೆಯನ್ನಿಟ್ಟು ಪತ್ರೊಡೆ ತರಲು ಒಳಗೆ ಹೋದೆ. ಬಂದು ನೋಡಿದರೆ ಅಣ್ಣ ಆ ಎಲೆಯನ್ನು ಎತ್ತಿ ಮಡಚುತ್ತಿದ್ದಾನೆ.

"ಎಂತ ಮಾಡ್ತಿ ಅಣ್ಣ? ಅದು ಅಕ್ಕನ ಎಲೆ."

"ರಾಜೀವಿದಾ? ನಿನಗೆ ಮರ್ಲಾ? ಬದುಕಿದ್ದವಳಿಗೆ ಎಲೆ ಹಾಕಿದರೆ ಅವಳ ಆಯುಷ್ಯ ಕಡಿಮೆಯಾಗ್ತದೆ ಮಾರಾಯ್ತಿ."

"ಅವಳು ಹೊಳೆಯಲ್ಲಿ..."

"ಹೊಳೆಯಲ್ಲಿ ಎಂತ ಉಂಟು? ಅವಳು ಇಲ್ಲೇ ಗುಡ್ಡದ ಮೇಲೆ, ಬಲ್ಮಠದಲ್ಲಿ ಇದ್ದಾಳಲ್ಲ. ಮೊನ್ನೆ ಹೋಗಿದ್ದೆ, ಚಾ ಕೊಟ್ಟಳು."

ನನ್ನ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟೆ. ಒಂದೊಂದೇ ಕೇಳಿದೆ, ಅವನು ನಿನ್ನೆಯ ಮಾತಿನ ಹಾಗೆ ಹೇಳಿದ. ಅಕ್ಕ ಕಾರ್ಖಾನೆಯ ಒಬ್ಬ ಕ್ರಿಸ್ತಿಯವನ ಜೊತೆ ಹೋಗಿ ಕಣ್ಣೂರಿನಲ್ಲಿ ಮದುವೆಯಾದಳಂತೆ. ಮಾವ ನಿನಗೆ ಸಾವಿನ ಸುದ್ದಿ ಹೇಳಿದರು. ಅಣ್ಣನನ್ನು ಕಣ್ಣೂರಿಗೆ ಕಳಿಸಿ ಅವಳಿಗೆ, "ಅಮ್ಮ ನಿನ್ನ ಮುಖ ನೋಡುವುದಿಲ್ಲವಂತೆ" ಎಂದು ಹೇಳಿಸಿದರು. ದೈವದ ಮುಂದೆ ಅವನಿಂದ ಆಣೆ ಮಾಡಿಸಿದರು. ಆಣೆಯನ್ನು ಅವನು ಮೂವತ್ತೈದು ವರ್ಷ ಹೊತ್ತ. ಈಗ ಆಣೆಯೂ ಮರೆತಿದೆ, ಸುಳ್ಳೂ ಮರೆತಿದೆ, ತಂಗಿ ಬದುಕಿದ್ದಾಳೆ ಎಂಬುದೊಂದು ಉಳಿದಿದೆ.

ನನಗೆ ಬಂದ ಸಿಟ್ಟು ನಿನಗೆ ಗೊತ್ತಲ್ಲ. ಆದರೆ ಯಾರನ್ನು ಬೈಯುವುದು? ಮಾವ ನಿನ್ನ ಬಳಿ ಇದ್ದಾರೆ. ಇವನನ್ನು ಬೈದರೆ, ಬೈಸಿಕೊಳ್ಳಬೇಕಾದವನು ಎಂದೋ ಎದ್ದು ಹೋಗಿದ್ದಾನೆ. ನಾನು ಮೀನಿನ ಬುಟ್ಟಿ ಹೊತ್ತು ಅತ್ತಾವರದಲ್ಲೆಲ್ಲ ತಿರುಗಿದರೂ, "ಬಲ್ಮಠದ ಗುಡ್ಡ ಹತ್ತಬೇಡ, ಕಾಲು ನೋಯ್ತದೆ" ಎನ್ನುತ್ತಿದ್ದ. ನನ್ನ ಕಾಲಿನ ಮೇಲೆ ಅಣ್ಣನಿಗೆ ಎಷ್ಟು ಪ್ರೀತಿ ಎಂದು ನಾಲ್ಕು ಜನರ ಹತ್ತಿರ ಹೇಳಿಕೊಂಡು ಬಂದಿದ್ದೇನೆ, ಬೆಪ್ಪು ನಾನು!

ಮರುದಿನ ಬೆಳಿಗ್ಗೆ ಒಣಮೀನಿನ ಬುಟ್ಟಿ ಹೊತ್ತು ಅವನನ್ನು ಮುಂದೆ ನಡೆಸಿದೆ. ನಮ್ಮ ಬಚ್ಚಲು ಮರೆತ ಕಾಲಿಗೆ ಆ ಓಣಿ ನೆನಪಿತ್ತು. ಬಿಳಿ ಕೂದಲಿನ ಹೆಂಗಸು ಬಾಗಿಲು ತೆರೆದು, ಬುಟ್ಟಿಯನ್ನು ನೋಡಿ, "ಎಂತ ಮೀನುಂಟು?" ಎಂದಳು. ನಿನ್ನದೇ ಗಲ್ಲ ಅಮ್ಮ. ಬಾಗಿಲ ಬಳಿ ನನ್ನ ಹಿಂದೆ ಸರಿದು ನಿಂತ ಅಣ್ಣನನ್ನು ಕಂಡವಳು ಹೊಸಿಲಲ್ಲೇ ಕುಳಿತುಬಿಟ್ಟಳು.

"ಅಮ್ಮನಿಗೆ ನಾನು ಬೇಡವಾಗಿದ್ದೆ" ಎಂದಳು. ಗಂಡ ತೀರಿಕೊಂಡ ಮೇಲೂ ಊರಿಗೆ ಬರಲಿಲ್ಲವಂತೆ. ನೀನು ಹೋದ ಸುದ್ದಿ ಅಣ್ಣ ಬರೆಸಿ ಹಾಕಿದ ಮೇಲೆ, ಇನ್ನು ನೋಡಿ ನಾಚಿಕೊಳ್ಳುವವರು ಯಾರೂ ಇಲ್ಲ ಎಂದು ಬಂದು ಇಲ್ಲಿ ಹೊಲಿಗೆ ಮಾಡಿಕೊಂಡಿದ್ದಾಳೆ.

"ಬೇಡವಾ? ಮೂವತ್ತು ವರ್ಷ ನಿನಗೆ ಎಲೆ ಹಾಕಿದ್ದಾಳೆ ಅಕ್ಕ. ಪತ್ರೊಡೆ ಎಲ್ಲರಿಗಿಂತ ಎರಡು ಹೆಚ್ಚು."

ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅಳುತ್ತಲೇ, "ಎರಡಾ?" ಎಂದು ಇನ್ನೊಮ್ಮೆ ಕೇಳಿದಳು. ನಾನೂ ಅತ್ತೆ. ಆದರೆ ಅಮ್ಮ, ಅದು ಹಗುರಾದ ಅಳು. ಇಳಿಸಿದ ಮೇಲೆಯೇ ಅಲ್ಲವೆ ಬುಟ್ಟಿಯ ಭಾರ ತಿಳಿಯುವುದು? ಅಣ್ಣ ನಮ್ಮಿಬ್ಬರ ನಡುವೆ ಕುಳಿತು, "ಯಾರು ಸತ್ತದ್ದು?" ಎಂದು ಕೇಳಿದ. "ಯಾರೂ ಇಲ್ಲ ಅಣ್ಣ" ಎಂದೆ.

ಕಳೆದ ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಅಕ್ಕ ನಮ್ಮ ಮನೆಗೆ ಬಂದಳು. ಅದೇ ಜಾಗದಲ್ಲಿ, ಬಾಗಿಲ ಬಳಿ, ಎಲೆ ಹಾಸಿದೆ. ಈ ಸಲ ಬಾಗಿಲು ಮುಚ್ಚಲಿಲ್ಲ. ಅಣ್ಣ ದೋಣಿ ನೋಡಲು ಹೋಗಲಿಲ್ಲ, ಪಕ್ಕದಲ್ಲೇ ಕುಳಿತು ಉಂಡ. "ಹುಳಿ ಕಡಿಮೆ, ಅಮ್ಮ ಹೀಗೆ ಮಾಡ್ತಿರಲಿಲ್ಲ" ಎಂದು ಹೆಸರಿಡುತ್ತಲೇ ಅಕ್ಕ ನಾಲ್ಕು ಪತ್ರೊಡೆ ತಿಂದಳು. ನಿನ್ನ ಮಗಳೇ, ಸಂಶಯವಿಲ್ಲ.

ಒಂದೇ ಒಂದು ಚಿಂತೆ ನನಗೆ. ಅಲ್ಲಿಗೆ ಹೋದ ದಿನದಿಂದ ನೀನು ಅವಳನ್ನು ಹುಡುಕಿರುತ್ತಿ. ಹೊಳೆಯಲ್ಲಿ ಹೋದವರನ್ನೆಲ್ಲ ನಿಲ್ಲಿಸಿ, ನಮ್ಮ ರಾಜೀವಿಯನ್ನು ಕಂಡಿರಾ ಎಂದು ಕೇಳಿರುತ್ತಿ. ಸಿಗದೆ, ಅಲ್ಲಿಯೂ ನನ್ನ ಮುಖ ನೋಡಲು ಬರಲಿಲ್ಲ ಇವಳು ಎಂದು... ಸಾಕು, ಇನ್ನು ಹುಡುಕಬೇಡ ಅಮ್ಮ. ಅವಳು ಅಲ್ಲಿಲ್ಲ. ಇಲ್ಲಿದ್ದಾಳೆ, ಹೊಟ್ಟೆ ತುಂಬ ಉಂಡು, ನಿನ್ನ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ.

ನಿನ್ನ ಕಿರಿಮಗಳು