ಪಕ್ಕದ ಸೀಟಿನಲ್ಲಿ ಐವತ್ತನೇ ವರ್ಷ

ಮೋದಿಕಾ, ಸಿಸಿಲಿ
೨೪ ಸೆಪ್ಟೆಂಬರ್ ೨೦೧೯

ಮುದ್ದಿನ ತಮ್ಮ ಝಾರೆನ್,

ಮೆಲ್ಬರ್ನಿನಿಂದ ನೀನು ಬರೆದ ಎರಡು ಪತ್ರಗಳೂ ತಲುಪಿ ತಿಂಗಳುಗಳಾದವು. ಉತ್ತರಿಸದಿದ್ದಕ್ಕೆ ನನ್ನನ್ನು ಬೈದುಕೋ. ಸೋಮಾರಿತನ ಬಿಟ್ಟರೆ ಬೇರೆ ಕಾರಣವಿಲ್ಲ. ನಿನ್ನ ಮಂಡಿನೋವು ಇಳಿಯಿತೇ? ನಮ್ಮೂರು ಝೆಯ್ತುನಿನಲ್ಲಿ ಮನೆ, ಬೀದಿ ಎಲ್ಲ ಹಾಗೇ ಇವೆ. ನಾನು ಮಾತ್ರ ನಿನ್ನೆಯಿಂದ ಹಾಗಿಲ್ಲ.

ಮದುವೆಯಾಗಿ ಐವತ್ತು ವರ್ಷ ತುಂಬಿತಲ್ಲ, ಚೆತ್ತಾಳನ್ನು ಹಡಗಿನಲ್ಲಿ ಇಲ್ಲಿಗೆ ಕರೆತಂದೆ. ಬಂದರಿನಲ್ಲಿ ಕಾರು ಬಾಡಿಗೆಗೆ ಹಿಡಿದು ನಾಲ್ಕು ದಿನ ಸುತ್ತುವ ಯೋಚನೆ. ಮಾಲ್ಟಾದಲ್ಲಿ ನಾವು ರಸ್ತೆಯ ಎಡಕ್ಕೆ, ಇವರು ಬಲಕ್ಕೆ. ಹಡಗಿನುದ್ದಕ್ಕೂ ಅವಳಿಗೆ ಪಾಠ ಹೇಳಿದ್ದೇ ಹೇಳಿದ್ದು: "ನೀನು ಸುಮ್ನೆ ಕೂತಿರು. ಹೆದರ್ಕೊಂಡು ಕಿರುಚಬೇಡ." ಅವಳು ಕಿತ್ತಳೆ ಸುಲಿಯುತ್ತಾ "ಹೂಂ" ಎಂದಳು.

ಬಾಡಿಗೆ ಅಂಗಡಿಯ ಹುಡುಗಿ ನನ್ನ ಲೈಸೆನ್ಸ್ ತಿರುಗಿಸಿ ನೋಡಿ ಮುಖ ಸಣ್ಣ ಮಾಡಿದಳು. "ತಾತಾ, ಬೇಜಾರ್ ಮಾಡ್ಕೋಬೇಡಿ. ಎಪ್ಪತ್ತೈದು ದಾಟಿದೋರಿಗೆ ನಾವು ಕೀ ಕೊಡೋ ಹಾಗಿಲ್ಲ."

"ಏನಮ್ಮಾ ಹಾಗಂದ್ರೆ? ನಲವತ್ತು ವರ್ಷ ಬಸ್ಸು ಓಡ್ಸಿದೀನಿ. ನಿಮ್ಮಪ್ಪ ಚಡ್ಡಿ ಹಾಕೋಕ್ ಮುಂಚಿಂದ!"

"ನಮ್ಮಪ್ಪನೇ ಈ ನಿಯಮ ಮಾಡಿರೋದು, ತಾತಾ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಆಗ ಚೆತ್ತಾ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಚೀಲದಿಂದ ಒಂದು ಕಾರ್ಡು ತೆಗೆದಿಟ್ಟಳು. "ನನಗಿನ್ನೂ ಅರವತ್ತೊಂಬತ್ತು. ನನ್ನ ಹೆಸರಲ್ಲಿ ಬರ್ಕೊಳಮ್ಮ."

ಲೈಸೆನ್ಸ್! ಅವಳದೇ ಫೋಟೋ, ಅವಳದೇ ಸಹಿ. ಕಾರ್ಡನ್ನು ಕಸಿದುಕೊಂಡು ಎರಡು ಸಲ ಓದಿದೆ. ಒಂದೇ ಹಾಸಿಗೆಯಲ್ಲಿ ಐವತ್ತು ವರ್ಷ ಮಲಗಿದ ಹೆಂಗಸು!

ಕಾರು ಹತ್ತಿದವಳೇ ಕನ್ನಡಿ ಸರಿಮಾಡಿಕೊಂಡಳು, ಸೀಟು ಮುಂದೆಳೆದಳು, ಹೊರಟಳು. ಮೊದಲ ವೃತ್ತದಲ್ಲಿ ಲಾರಿಯೊಂದು ಮೈಮೇಲೆ ಬಂತು. ಇಲ್ಲದ ಬ್ರೇಕನ್ನು ನಾನು ಕಾಲಿನಿಂದ ತುಳಿದೆ. ಅವಳು ಕಿಟಕಿಯಿಂದ ಕೈ ಹೊರಹಾಕಿ, "ಕಣ್ಣು ಮನೇಲಿಟ್ಟು ಬಂದಿದೀಯೇನಯ್ಯಾ?" ಎಂದು ಕೂಗಿದಳು. ನನ್ನ ಕಡೆ ತಿರುಗಿ, "ಆ ಬಾಗಿಲು ಬಿಡು. ಅದನ್ನ ಕಿತ್ತು ಕೈಗೆ ಕೊಡ್ತೀಯಾ ಬಾಡಿಗೆ ಅಂಗಡಿಯೋರಿಗೆ?" ಎಂದಳು. ಮೋದಿಕಾದ ಏರು ಓಣಿಗಳಲ್ಲಿ ಎರಡೂ ಗೋಡೆಗಳ ನಡುವೆ ಒಂದು ಗೆರೆ ಬೀಳದಂತೆ ಏರಿಸಿದಳು. ನನಗೂ ಅಷ್ಟು ನಾಜೂಕಾಗಿ ಆಗುತ್ತಿರಲಿಲ್ಲ.

"ಯಾರೇ ಕಲಿಸಿದ್ದು?"

"ನಿನ್ ತಮ್ಮ."

ಮತ್ತೊಂದು ಏಟು. ತಾ' ಕಾಲಿಯ ಹಳೇ ವಿಮಾನ ನಿಲ್ದಾಣದ ಹಾಳುಬಿದ್ದ ರನ್‌ವೇಯಲ್ಲಿ, ನಿನ್ನ ಮೀನಿನ ವ್ಯಾನಿನಲ್ಲಂತೆ! ಪ್ರತಿ ಗುರುವಾರ ಹೊಲಿಗೆ ಕ್ಲಾಸೆಂದು ನನಗೆ ಹೇಳಿ ಹೋಗುತ್ತಿದ್ದುದು ಇದಕ್ಕೇಯಂತೆ. ನೀನು ಆಸ್ಟ್ರೇಲಿಯಾಕ್ಕೆ ಹೋದ ಮೇಲೂ ನಿನ್ನ ವ್ಯಾನ್ ಕೊಂಡವರ ಪರವಾಗಿ ಅದನ್ನು ಓಡಿಸಿ ಮನೆಮನೆಗೆ ಮೀನು ಮುಟ್ಟಿಸುತ್ತಿದ್ದಳಂತೆ. ಅವಳ ಮೈಯಲ್ಲಿ ಮೀನಿನ ವಾಸನೆ ಬಂದಾಗೆಲ್ಲ ಸಂತೆಗೆ ಹೋಗಿದ್ದಳೆಂದೇ ತಿಳಿದಿದ್ದೆನಲ್ಲೋ, ಪೆದ್ದ ನಾನು!

ಮದುವೆಯಾದ ಹೊಸತರಲ್ಲಿ ಅವಳು ಕಲಿಸು ಎಂದಾಗ, ಕ್ಲಬ್ಬಿನಲ್ಲಿ ಎಲ್ಲರೆದುರು "ಮೊದಲು ಸೌಟು ನೆಟ್ಟಗೆ ಹಿಡಿಯಲಿ" ಎಂದು ನಗಿಸಿದ್ದೆ. ಆ ಸಿಟ್ಟಿಗೆ ಕಲಿತಿರಬೇಕೆಂದುಕೊಂಡೆ. ಸಂಜೆ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಅದಕ್ಕೆ ಕ್ಷಮೆಯನ್ನೂ ಕೇಳಿದೆ. "ಅದಕ್ಕಲ್ಲ ವಿಸ್ತಿನ್," ಎಂದಳು. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದೆ.

ನಮ್ಮೂರ ಸಂತ ಕತರಿನಾ ನಿನ್ನನ್ನೂ ನಿನ್ನ ಮೊಮ್ಮಕ್ಕಳನ್ನೂ ನೆರಳಾಗಿ ಕಾಯಲಿ. ಚೆತ್ತಾ ನಿನಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಅಣ್ಣ,
ವಿಸ್ತಿನ್

ಮರೆತ ಮಾತಲ್ಲ, ಬರೆಯಲಾಗದೆ ಉಳಿದದ್ದು: ಎಪ್ಪತ್ತನಾಲ್ಕರಲ್ಲಿ, ಚೆತ್ತಾ ಆರು ತಿಂಗಳ ಬಸುರಿಯಾಗಿದ್ದಾಗ ನಮ್ಮ ಮಗು ಹೋಯಿತಲ್ಲ. ಅಂದು ರಕ್ತ ಸುರಿಯುತ್ತಿರುವಾಗ ಅವಳು ಒಬ್ಬಳೇ ಬಸ್ ನಿಲ್ದಾಣಕ್ಕೆ ನಡೆದಿದ್ದಳಂತೆ. ಬಸ್ಸು ಬಂತು. ಎರಡೂ ಕೈ ಎತ್ತಿದಳು. ಡ್ರೈವರು ಯಾರ ಮಾತಿಗೋ ನಗುತ್ತಾ, ನಿಲ್ಲಿಸದೆ ಹೋದ. ಅರ್ಧ ಗಂಟೆಯ ನಂತರ ಬ್ರೆಡ್ಡಿನ ಗಾಡಿಯವನು ಆಸ್ಪತ್ರೆಗೆ ಮುಟ್ಟಿಸಿದನಂತೆ. ಆ ಡ್ರೈವರು ನಾನು. ನಿನಗೆ ಮೊದಲೇ ಹೇಳಿದ್ದಳು, ಅದಕ್ಕೇ ನೀನು ಕಲಿಸಿದೆ, ಅಲ್ಲವೇ? ನನ್ನ ಬಸ್ಸು ತುಂಬಿತ್ತು ಝಾರೆನ್. ತುಂಬಿದ ಬಸ್ಸು ನಿಲ್ಲಿಸಬಾರದೆಂದು ನಮಗೆ ಆಜ್ಞೆಯಿತ್ತು. ಅದನ್ನು ಅವಳಿಗೆ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.