ನಾಲ್ಕೂವರೆ ಇಂಚು ಕಡಿಮೆ

ಮಂಗಳವಾರ, ರಾತ್ರಿ
ಶಾಲೆ ಅರ್ಧ ತೆರೆದು ಎರಡು ವಾರ. ನೀನು ಮನೆ ಬಿಟ್ಟು ಎಂಟು ತಿಂಗಳು

ಹೊಲಿಗೆ ಸಾಮ್ರಾಜ್ಯದ ಮಹಾರಾಣಿಯವರಿಗೆ, ಅಂದರೆ ನನ್ನ ಹೆಂಡತಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ. ಗಾಬರಿಯಾಗಬೇಡ. ಯಾರೂ ಹೋಗಿಲ್ಲ. ನಾನು ಗಟ್ಟಿಯಾಗಿದ್ದೇನೆ. ಕುಂಡದ ಗಿಡಗಳಿಗೆ ದಿನಾ ನೀರು ಹಾಕುತ್ತೇನೆ. ಒಂದು ಒಣಗಿದೆ, ಅದು ನೀನಿದ್ದಾಗಲೇ ಒಣಗುವ ಮನಸ್ಸು ಮಾಡಿತ್ತು.

ಫೋನ್ ಮಾಡಬಹುದಿತ್ತಲ್ಲ ಅಂತ ಕೇಳುತ್ತೀಯ. ಎಂಟು ತಿಂಗಳಲ್ಲಿ ನಾವು ಫೋನಿನಲ್ಲಿ ಆಡಿದ ಮಾತನ್ನೆಲ್ಲ ಕೂಡಿಸಿದರೆ ಇಷ್ಟಾಗುತ್ತದೆ: ಗ್ಯಾಸಿನ ಪುಸ್ತಕ ಎಲ್ಲಿ, ಮೇಲಿನ ಕಪಾಟಿನಲ್ಲಿ, ಸರಿ, ಸರಿ. ಅದೂ ಅಲ್ಲದೆ ಮೈಕು ಇರುವ ಯಾವ ವಸ್ತುವನ್ನು ಕಂಡರೂ ನನಗೀಗ ಭಯ. ಯಾಕೆಂದು ನಿನಗೆ ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ, ಧೈರ್ಯ ಉಳಿದಿದ್ದರೆ.

ಮೊದಲು ಶಾಲೆಯ ಸುದ್ದಿ. ಹತ್ತು ತಿಂಗಳಿಂದ ಮುಚ್ಚಿದ್ದ ನಮ್ಮ ಶಾಲೆಯನ್ನು ಅರ್ಧ ತೆರೆಯಬಹುದು ಎಂದು ಒಂದು ಶುಕ್ರವಾರ ಸುತ್ತೋಲೆ ಬಂತು. ಸೋಮವಾರವೇ ಆರಂಭ. ಅರ್ಧ ಮಕ್ಕಳು ಒಂದು ದಿನ, ಉಳಿದರ್ಧ ಮಾರನೇ ದಿನ. ಮುಖಕ್ಕೆ ಮಾಸ್ಕು, ಬಾಗಿಲಲ್ಲಿ ಜ್ವರ ತಪಾಸಣೆ, ಕಿಟಕಿಗಳೆಲ್ಲ ತೆರೆದಿರಬೇಕು, ಡೆಸ್ಕಿಗೂ ಡೆಸ್ಕಿಗೂ ಆರು ಅಡಿ ಅಂತರ. ಕೊನೆಯ ಸಾಲಿನಲ್ಲಿ, ಆಟೋಟಕ್ಕೆ ಸದ್ಯಕ್ಕೆ ಅವಕಾಶವಿಲ್ಲ. ಅಂದರೆ ಡ್ರಿಲ್ ಮೇಷ್ಟ್ರಾದ ನಿನ್ನ ಗಂಡನಿಗೆ ಸದ್ಯಕ್ಕೆ ಅವಕಾಶವಿಲ್ಲ.

ದೊಡ್ಡ ಮೇಡಂ ಸಭೆ ಕರೆದು ಎಲ್ಲರಿಗೂ ಒಂದೊಂದು ಜವಾಬ್ದಾರಿ ಹಂಚಿದರು. ಲೆಕ್ಕದ ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ಬೆಸ ಸಂಖ್ಯೆಯ ಮಕ್ಕಳಿಗೆ ಸೋಮ, ಬುಧ, ಶುಕ್ರ, ಸಮ ಸಂಖ್ಯೆಯವರಿಗೆ ಉಳಿದ ಮೂರು ದಿನ ಎಂದು ಭಾಗ ಮಾಡಿದರು. ವಿಜ್ಞಾನದ ಮೇಷ್ಟ್ರ ಕೈಗೆ ಜ್ವರ ನೋಡುವ ಪಿಸ್ತೂಲು ಬಂತು. ಅವರು ಆ ಸಂಭ್ರಮದಲ್ಲಿ ನಮ್ಮೆಲ್ಲರ ಹಣೆಗೆ ಹಿಡಿದು, ಸಾಲದೆ ಗೋಡೆ ಗಡಿಯಾರಕ್ಕೂ ಹಿಡಿದು, ಅದಕ್ಕೂ ಜ್ವರವಿಲ್ಲ ಎಂದು ಘೋಷಿಸಿದರು. ಕೊನೆಗೆ ಉಳಿದವನು ನಾನು, ಉಳಿದ ಕೆಲಸ ಅಂತರ ಅಳೆಯುವುದು. ಮೇಡಂ ಬಾಯಿ ತೆರೆಯುವ ಮುಂಚೆಯೇ ಎದೆ ಉಬ್ಬಿಸಿ ಎದ್ದು ನಿಂತೆ.

ಭಾನುವಾರ ಬೆಳಿಗ್ಗೆ ಶಾಲೆಯಲ್ಲಿ ನಾನು ಮತ್ತು ಗಂಟೆ ಅಣ್ಣ ಇಬ್ಬರೇ. ನಿನಗೆ ನೆನಪಿದೆಯಲ್ಲ, ಗಂಟೆ ಹೊಡೆಯುವ ಜವಾನ, ಇಪ್ಪತ್ತೆರಡು ವರ್ಷಗಳಲ್ಲಿ ಒಂದು ನಿಮಿಷ ಆಚೀಚೆ ಮಾಡದವನು. ಲಾಂಗ್ ಜಂಪಿಗೆ ಹಿಡಿಯುವ ಟೇಪನ್ನು ಆಟದ ಕೋಣೆಯಿಂದ ತೆಗೆದರೆ ತುಕ್ಕು ಹಿಡಿದು ಸುರುಳಿಯೊಳಗೇ ಪುಡಿಯಾಗಿತ್ತು. ಅಂಗಡಿಗಳೆಲ್ಲ ಬಂದ್. ಮನೆಯಲ್ಲಿ ಅಕ್ಕನೋರ ಹೊಲಿಗೆ ಟೇಪು ಇರಬೇಕಲ್ವಾ ಸಾರ್ ಅಂತ ಗಂಟೆ ಅಣ್ಣ ಕೇಳಿದ. ಇಲ್ಲಪ್ಪ, ಊರಿಗೆ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿದ್ದಾಳೆ ಅಂದೆ. ಆದ್ದರಿಂದ ಮುಂದೆ ನಡೆದ ಅನಾಹುತದಲ್ಲಿ ನಿನಗೂ ಸಣ್ಣ ಪಾಲಿದೆ ಎಂಬುದನ್ನು ದಯವಿಟ್ಟು ಗಮನಿಸತಕ್ಕದ್ದು.

ಆಗ ನನ್ನ ಬಾಯಿಂದ ಆ ಮಾತು ಬಂತು. ಟೇಪು ಯಾಕಯ್ಯಾ, ಆರಡಿ ಆಳು ನಾನೇ ಇದ್ದೀನಲ್ಲ!

ನೀನು ಈಗ ಕಾಗದ ಕೆಳಗಿಟ್ಟು ನಿಮ್ಮಕ್ಕನನ್ನು ಕೂಗುತ್ತಿರುತ್ತೀಯ. ಕೂಗು, ಅವರೂ ಓದಲಿ. ಮದುವೆಯಾದ ಹೊಸದರಲ್ಲಿ ನನಗೆ ಪ್ಯಾಂಟು ಹೊಲಿಯಲೆಂದು ನೀನು ಅಳತೆ ತೆಗೆದಿದ್ದೆ. ಅದರ ಜೊತೆಗೆ ತಮಾಷೆಗೆ ತಲೆಯಿಂದ ಕಾಲಿನವರೆಗೂ ಅಳೆದು, ಐದು ಅಡಿ ಏಳೂವರೆ ಇಂಚು ಅಂದಿದ್ದೆ. ನಿನ್ನ ಟೇಪು ಜಗ್ಗಿ ಹೋಗಿದೆ, ಬಿಸಾಡು ಅಂದಿದ್ದೆ ನಾನು. ಹದಿನಾಲ್ಕು ವರ್ಷ ನಾನು ಊರಿಗೆಲ್ಲ ಆರಡಿ ಎಂದು ಸಾರಿಕೊಂಡು ಬಂದೆ, ನೀನು ತುಟಿ ಪಿಟಕ್ಕೆನ್ನದೆ ಐದು ಅಡಿ ಏಳೂವರೆ ಇಂಚಿನವನ ಪ್ಯಾಂಟು ಹೊಲಿದುಕೊಂಡು ಬಂದೆ. ಅವು ಎಂದೂ ನೆಲಕ್ಕೆ ಎಳೆಯಲಿಲ್ಲ. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಇರಲಿ. ನಾನು ನೆಲದ ಮೇಲೆ ಮಲಗಿದೆ. ಗಂಟೆ ಅಣ್ಣ ನೆತ್ತಿಗೊಂದು ಹಿಮ್ಮಡಿಗೊಂದು ಸೀಮೆಸುಣ್ಣದ ಗೆರೆ ಎಳೆದ. ಒಂದು ಸಲ ಮಲಗಿ ಅದೇ ಅಳತೆಗೆ ಹಗ್ಗ ಕತ್ತರಿಸಿಕೊಂಡರೆ ಸಾಲದಾ ಸಾರ್ ಅಂತ ಅವನು ಕೇಳಿದ. ಹಗ್ಗ ಜಗ್ಗುತ್ತೆ, ಮನುಷ್ಯ ಜಗ್ಗಲ್ಲ ಎಂದು ಅವನಿಗೆ ತಿಳಿಹೇಳಿದೆ. ಒಂದು ಕೋಣೆಗೆ ಐದು ಸಾಲು, ಸಾಲಿಗೆ ಮೂರು ಡೆಸ್ಕು. ಸಾಲುಗಳ ನಡುವೆ ನಾಲ್ಕು ಸಂದಿ, ಮೂರು ಡೆಸ್ಕಿನ ಹಿಂದೆಯೂ ಅಳೆದರೆ ಹನ್ನೆರಡು. ಹೀಗೆ ಏಳು ಕೋಣೆ. ಎಂಬತ್ತನಾಲ್ಕು ಸಲ ಮಲಗಿ ಎದ್ದೆ. ನನ್ನ ಸೇವಾವಧಿಯಲ್ಲಿ ಅಷ್ಟು ವ್ಯಾಯಾಮ ನಾನು ಮಾಡಿರಲಿಲ್ಲ. ಆದರೆ ಫಲಿತಾಂಶ ಅದ್ಭುತ. ಕೋಣೆಗೆ ಹದಿನೈದು ಮಕ್ಕಳು ಸರಿಯಾಗಿ ಹಿಡಿದರು, ಅಂದರೆ ಮೂವತ್ತರ ತರಗತಿಯ ಸರಿಯಾದ ಅರ್ಧ. ದೊಡ್ಡ ಮೇಡಂ ಫೋನಿನಲ್ಲೇ ಭೇಷ್ ಅಂದರು.

ಸೋಮವಾರ ಮಕ್ಕಳು ಬಂದರು. ಹತ್ತು ತಿಂಗಳಾದ ಮೇಲೆ ಮಕ್ಕಳ ಗಲಾಟೆ ಕೇಳಿ ಗಂಟೆ ಅಣ್ಣ ಗಂಟೆಯನ್ನು ಎರಡು ಏಟು ಜಾಸ್ತಿ ಹೊಡೆದುಬಿಟ್ಟ. ಎರಡನೇ ತರಗತಿಗೆ ಒಬ್ಬಳು ಪುಟ್ಟಿ ಬಂದಿದ್ದಾಳೆ. ಒಂದಕ್ಕೆ ಸೇರಿದ ವಾರವೇ ಶಾಲೆ ಮುಚ್ಚಿದ್ದರಿಂದ ಪಾಪ, ತರಗತಿಯಲ್ಲಿ ಕೂತ ನೆನಪೇ ಅವಳಿಗಿಲ್ಲ. ಕಳೆದ ವರ್ಷಕ್ಕೆಂದು ತಂದ ಶೂ ಇನ್ನೂ ಹೊಸದು, ಆದರೆ ಕಾಲು ಬೆಳೆದುಬಿಟ್ಟಿದೆ. ಹಿಮ್ಮಡಿ ಭಾಗವನ್ನು ಚಪ್ಪಲಿಯಂತೆ ತುಳಿದುಕೊಂಡು ಚಟಪಟ ಬಂದಳು. ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ನನಗೆ ಒಂಬತ್ತು ಪ್ರಶ್ನೆ ಕೇಳಿದಳು. ಅವಳಿಗೆ ಪ್ರಶ್ನೆಪತ್ರಿಕೆ ಎಂದು ಅಲ್ಲೇ ನಾಮಕರಣ ಮಾಡಿದೆ. ಅವಳ ಡೆಸ್ಕು ಕೊನೆಯ ಸಾಲಿನಲ್ಲಿತ್ತು. ಹೋಗಿ ಕೂತು ಎರಡೂ ಕೈಯಿಂದ ಅದನ್ನು ಸವರಿದಳು.

ಹತ್ತು ಗಂಟೆಗೆ ಆರೋಗ್ಯ ಇಲಾಖೆಯಿಂದ ತಪಾಸಣೆಯಮ್ಮ ಬಂದರು. ಕೈಯಲ್ಲಿ ಉಕ್ಕಿನ ಟೇಪು. ಟರ್ರ್ ಎಂದು ಎಳೆದರು, ಬರೆದುಕೊಂಡರು, ಮುಂದಿನ ಕೋಣೆಗೆ ನಡೆದರು. ಏಳೂ ಕೋಣೆ ಮುಗಿಸಿ ಬಂದು, ಪ್ರತಿ ಸಂದಿಯಲ್ಲೂ ನಾಲ್ಕೂವರೆ ಇಂಚು ಕಡಿಮೆ ಇದೆ, ಒಂದು ಕಡೆಯಾದರೂ ಹೆಚ್ಚುಕಮ್ಮಿ ಇಲ್ಲ, ಇಷ್ಟು ಶಿಸ್ತಾಗಿ ತಪ್ಪು ಮಾಡಿದ ಶಾಲೆಯನ್ನು ನಾನು ನೋಡಿಯೇ ಇಲ್ಲ ಎಂದರು. ನಾಲ್ಕು ಸಂದಿ ಸರಿಮಾಡಿದರೆ ಒಂದೂವರೆ ಅಡಿ ಬೇಕು. ಹಿಂದೆ ಗೋಡೆ. ಹಾಗಾಗಿ ಪ್ರತಿ ಕೋಣೆಯ ಕೊನೆಯ ಸಾಲು ಎತ್ತಬೇಕು, ಕೋಣೆಗೆ ಮೂವರಂತೆ ದಿನಕ್ಕೆ ಇಪ್ಪತ್ತೊಂದು ಮಕ್ಕಳು ಮುಂದಿನ ಆದೇಶದವರೆಗೆ ಮನೆಯಲ್ಲೇ ಇರಬೇಕು.

ದೊಡ್ಡ ಮೇಡಂ ಗಂಟೆ ಅಣ್ಣನ ಕಡೆ ತಿರುಗಿದರು. ಗೆರೆ ಅಷ್ಟು ದಪ್ಪ ಎಳೆದರೆ ಇನ್ನೇನಾಗುತ್ತೆ, ಕಣ್ಣು ಕಾಣಲ್ವಾ ನಿನಗೆ ಅಂತ ಎಲ್ಲರ ಮುಂದೆ ಬೈದರು. ಅವನು ನನ್ನನ್ನು ನೋಡಿದ. ನಾನು ಕಿಟಕಿಯನ್ನು ನೋಡಿದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಆದರೂ ಬಹಳ ಆಸಕ್ತಿಯಿಂದ ನೋಡಿದೆ. ತಪ್ಪಾಯ್ತು ಮೇಡಂ ಅಂದ ಗಂಟೆ ಅಣ್ಣ. ತಪ್ಪು ಮಾಡದವನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು ಅಂತೀಯ! ಮಾಡಿದವನು ಇನ್ನೂ ಕಿಟಕಿಯನ್ನೇ ನೋಡುತ್ತಿದ್ದ.

ಇದನ್ನು ಬರೆಯುವಾಗ ಪೆನ್ನು ನಿಂತಿತು. ಎದ್ದು ನೀರು ಕುಡಿದು ಬಂದೆ.

ಇಪ್ಪತ್ತೊಂದು ಮಕ್ಕಳು ಚೀಲ ಬೆನ್ನಿಗೇರಿಸಿ ಜಗಲಿಯಲ್ಲಿ ನಿಂತಿದ್ದರು. ಮೇಡಂ ಒಬ್ಬೊಬ್ಬರ ಮನೆಗೆ ಫೋನ್ ಮಾಡುತ್ತಿದ್ದರು. ಪ್ರಶ್ನೆಪತ್ರಿಕೆ ನನ್ನ ಅಂಗಿ ಎಳೆದು, ಸಾರ್, ಈಗ ತಾನೇ ನನ್ನ ಜಾಗ ಇತ್ತಲ್ಲಾ, ಎಲ್ಲಿ ಹೋಯ್ತು ಅಂತ ಕೇಳಿದಳು. ನೋಡಮ್ಮಾ, ಈ ಕೋಣೆ ಇದೆಯಲ್ಲಾ, ಅಂತ ಶುರುಮಾಡಿದೆ. ಅವಳು ಅಳುತ್ತಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಅತ್ತಿದ್ದರೆ ಒಂದು ಪೆಪ್ಪರ್‌ಮಿಂಟ್ ಕೊಟ್ಟು ಸುಮ್ಮನಾಗಿಸಬಹುದಿತ್ತು.

ಸೀದಾ ಒಳಗೆ ಹೋಗಿ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಶೂ ಕಳಚಿ ನಿಂತೆ. ನನ್ನನ್ನು ಅಳೆಯಿರಿ ಎಂದೆ. ಅವರೆಲ್ಲ ಮುಖ ಮುಖ ನೋಡಿಕೊಂಡರು. ವಿಜ್ಞಾನದ ಮೇಷ್ಟ್ರು ಓಡಿಬಂದು ನನ್ನ ಹಣೆಗೆ ಪಿಸ್ತೂಲು ಹಿಡಿದು, ಜ್ವರ ಇಲ್ಲ ಮೇಡಂ, ಪ್ರಜ್ಞೆ ಇಟ್ಟುಕೊಂಡೇ ಮಾತಾಡ್ತಿದ್ದಾರೆ ಅಂದರು. ತಪಾಸಣೆಯಮ್ಮ ಅಳೆದರು. ಐದು ಅಡಿ ಏಳೂವರೆ ಇಂಚು. ಜಗ್ಗದ ಉಕ್ಕಿನ ಟೇಪು, ಸರ್ಕಾರಿ ಮುದ್ರೆ ಬೇರೆ. ಈ ಶಾಲೆಯ ಆರಡಿ ಇಷ್ಟೇ, ಗೆರೆ ಎಳೆದವನದು ಏನೂ ತಪ್ಪಿಲ್ಲ ಎಂದೆ. ಆಮೇಲೆ ಗಂಟೆ ಅಣ್ಣನಿಗೆ, ಎಲ್ಲರಿಗೂ ಕೇಳುವ ಹಾಗೆ, ಅವನು ಮೇಡಂಗೆ ಹೇಳಿದ್ದ ಮಾತನ್ನೇ ಹೇಳಿದೆ. ಅವನು ನಾಚಿ, ಬಿಡಿ ಸಾರ್, ಮಲಗಿದಾಗ ಉದ್ದ ಕಂಡ್ರಿ ಅಂದ. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ತಪ್ಪು ಒಪ್ಪಿಕೊಂಡರೆ ಮನುಷ್ಯ ಕುಳ್ಳನಾಗುತ್ತಾನೆ ಅಂತ ನಾನು ಇಷ್ಟು ದಿನ ಹೆದರಿದ್ದೆ. ಮೊದಲೇ ಕುಳ್ಳನಾಗಿದ್ದವನಿಗೆ ಆಗುವುದೇನು?

ನಗು ನಿಂತಾಗ ಧೈರ್ಯ ಮಾಡಿ ಕೇಳಿದೆ. ಸುತ್ತೋಲೆಯಲ್ಲಿ ಕೋಣೆ ಎಂದಿದೆಯೇ ಹೊರತು ಮೈದಾನ ಬೇಡ ಅಂತೇನೂ ಇಲ್ಲವಲ್ಲ? ತಪಾಸಣೆಯಮ್ಮ ಹಾಳೆ ತಿರುವಿ ನೋಡಿ, ಬಯಲಿನಲ್ಲಿ ಪಾಠ ಮಾಡಬಹುದು, ಅದೇ ಉತ್ತಮ ಎಂದರು. ಪಾಠ ಯಾರು ಮಾಡ್ತಾರೆ ಅಂತ ಮೇಡಂ ಕೇಳಿದರು. ಎಲ್ಲ ಮೇಷ್ಟ್ರುಗಳೂ ಹಂಚಿಹೋಗಿದ್ದರು, ಕೆಲಸವಿಲ್ಲದ ಗಂಡಸು ಒಬ್ಬನೇ. ನಿಮಗೆ ದಶಕ ತೆಗೆದುಕೊಂಡು ಕಳೆಯೋ ಲೆಕ್ಕ ಬರುತ್ತಾ ಅಂತ ಕೇಳಿದರು. ಕಲಿತುಕೊಳ್ಳುತ್ತೇನೆ ಎಂದೆ.

ಹಾಗಾಗಿ ಈಗ ನಾನು ಏಳು ತರಗತಿಗಳ ಇಪ್ಪತ್ತೊಂದು ಮಕ್ಕಳಿಗೆ ಏಕೈಕ ಗುರು. ಮೈದಾನದ ಅಂಚಿನ ದೊಡ್ಡ ಮರದ ಕೆಳಗೆ ಸುಣ್ಣದ ಪುಡಿಯಿಂದ ಇಪ್ಪತ್ತೊಂದು ವೃತ್ತ ಹಾಕಿದ್ದೇವೆ. ಅಳತೆ ತಪಾಸಣೆಯಮ್ಮನದು, ಗೆರೆ ಗಂಟೆ ಅಣ್ಣನದು. ಮೊದಲ ಪಾಠ ಕಳೆಯುವ ಲೆಕ್ಕ: ಆರಡಿಯಲ್ಲಿ ಮೇಷ್ಟ್ರನ್ನು ಕಳೆದರೆ ಎಷ್ಟು? ಪ್ರಶ್ನೆಪತ್ರಿಕೆ ದೊಡ್ಡವರಿಗಿಂತ ಮೊದಲು ನಾಲ್ಕೂವರೆ ಇಂಚು ಅಂದಳು. ಅಷ್ಟಕ್ಕೇ ಬಿಟ್ಟಳೇ? ಆ ನಾಲ್ಕೂವರೆ ಇಂಚು ಈಗ ಎಲ್ಲಿದೆ ಸಾರ್ ಅಂತ ಕೇಳಿದಳು. ಇದೇ ಕಣಮ್ಮ, ನೀನು ಕೂತಿದ್ದೀಯಲ್ಲ, ಈ ಜಾಗವೇ ಎಂದೆ. ಅವಳು ಶೂ ಬಿಚ್ಚಿ ವೃತ್ತದ ಅಂಚಿಗಿಟ್ಟು, ಕಾಲು ಮಡಚಿ, ಇಡೀ ಜಗತ್ತು ತನ್ನದು ಎಂಬಂತೆ ಕೂರುತ್ತಿದ್ದಳು. ಕುಣಿಯುತ್ತಾ ಮಗ್ಗಿ ಹೇಳಿಸುತ್ತೇನೆ, ಅದು ಆಟವಲ್ಲ, ಗಣಿತ. ಒಳಗಿನ ಮಕ್ಕಳು ಕಿಟಕಿಯಲ್ಲಿ ನೋಡಿ ನೋಡಿ, ನಮ್ಮನ್ನೂ ಕೊನೆಯ ಸಾಲಿಗೆ ಹಾಕಿ ಎಂದು ಹಟ ಹಿಡಿದರು. ಈಗ ವಾರಕ್ಕೊಂದು ಸಾಲು ಸರದಿ ಪ್ರಕಾರ ಹೊರಗೆ ಬರುತ್ತದೆ. ಪ್ರಶ್ನೆಪತ್ರಿಕೆಗೆ ಈ ವಾರ ಒಳಗೆ ಡೆಸ್ಕು ಸಿಕ್ಕಿದೆ. ಕಿಟಕಿಯಿಂದಲೇ ಪ್ರಶ್ನೆ ಕೇಳುತ್ತಾಳೆ.

ಒಂದೇ ತೊಡಕು. ಇಲಾಖೆ ಕೊಟ್ಟ ಮಾಸ್ಕುಗಳು ದೊಡ್ಡವರ ಅಳತೆಯವು, ಚಿಕ್ಕ ಮಕ್ಕಳಿಗೆ ಗದ್ದಕ್ಕೆ ಜಾರಿ ಕೊರಳಹಾರವಾಗುತ್ತವೆ. ಒಳ್ಳೆಯ ದರ್ಜಿ ಯಾರಾದರೂ ಗೊತ್ತಾ ಎಂದು ಮೇಡಂ ಕೇಳಿದರು. ಗೊತ್ತು, ಆದರೆ ಮೊದಲು ಅವರಿಗೆ ನಾನು ಒಂದು ಮಾತು ಹೇಳಬೇಕಿದೆ ಎಂದೆ.

ಆ ಮಾತು ಇದು. ಅವತ್ತು ಫೋನಿನಲ್ಲಿ ನಲವತ್ತು ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದೆ. ನೀನು ಪಕ್ಕದ ಕೋಣೆಯಲ್ಲಿ ಆಸ್ಪತ್ರೆಯ ನರ್ಸುಗಳಿಗೆ ಮಾಸ್ಕು ಹೊಲಿಯುತ್ತಿದ್ದೆ. ಆ ಗಿರಣಿ ನಿಲ್ಲಿಸ್ತೀಯೋ ಇಲ್ವೋ, ಯಾರಿಗೆ ಬೇಕು ನಿನ್ನ ಚಿಂದಿ ಅಂತ ಕೂಗಿದೆ. ನಲವತ್ತು ಮನೆಗಳಿಗೂ ಕೇಳಿಸಿತು. ಮಷೀನಿನ ಸದ್ದು ನಿಂತಿತು. ಮತ್ತೆ ಬರಲಿಲ್ಲ. ಬಸ್ಸು ಶುರುವಾದ ದಿನ ನೀನು ನಿಮ್ಮಕ್ಕನ ಮನೆಗೆ ಹೋದೆ. ಮೈಕು ಕೆಟ್ಟಿತ್ತು, ತಾನಾಗಿ ಆನ್ ಆಯ್ತು ಎಂದು ನಾನು ಊರಿಗೆಲ್ಲ ಹೇಳಿದೆ. ಮೈಕು ಸರಿಯಾಗೇ ಇತ್ತು. ತಪ್ಪಾಯ್ತು.

ಗಂಟೆ ಅಣ್ಣನ ಹತ್ತಿರ ಒಂದು ಸಲ ಅಭ್ಯಾಸ ಮಾಡಿದ್ದರಿಂದ ಎರಡನೆಯದು ಸುಲಭವಾಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಆದರೂ ಬರೆದಿದ್ದೇನೆ, ಶಾಯಿಯಲ್ಲಿ.

ಇಂತಿ,
ಐದು ಅಡಿ ಏಳೂವರೆ ಇಂಚಿನ
ನಿನ್ನ ಗಂಡ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಿನ್ನ ಟೇಪು ಮಷೀನಿನ ಎಡಗಡೆ ಡ್ರಾಯರಿನಲ್ಲಿ, ದಾರದ ಉಂಡೆಗಳ ಕೆಳಗೆ, ನೀನಿಟ್ಟಲ್ಲೇ ಇದೆ. ನೀನು ತೆಗೆದುಕೊಂಡು ಹೋಗಿದ್ದೀಯ ಅಂತ ಮೇಲೆ ಬರೆದದ್ದನ್ನು ಓದಿದಾಗಲೇ ನಿನಗೆ ನಗು ಬಂದಿರುತ್ತದೆ. ಆ ಭಾನುವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಡ್ರಾಯರು ಎಳೆದೆ, ನೋಡಿದೆ, ಮುಚ್ಚಿದೆ. ಅದು ಏನು ಹೇಳುತ್ತದೆಂದು ನನಗೆ ಗೊತ್ತಿತ್ತು. ಶಾಲೆಗೆ ಈಗ ಹೊಸ ಉಕ್ಕಿನ ಟೇಪು ಬಂದಿದೆ, ಗಂಟೆ ಅಣ್ಣನ ವಶದಲ್ಲಿದೆ, ನನ್ನ ಕೈಗೆ ಸಿಗಬೇಕಾದರೆ ಸಹಿ ಹಾಕಬೇಕು. ನಿನ್ನೆ ಸಹಿ ಹಾಕಿ ತಂದು, ನಿನ್ನದರ ಪಕ್ಕದಲ್ಲಿಟ್ಟು ನೋಡಿದೆ. ನಿನ್ನದು ಕೂದಲೆಳೆಯಷ್ಟೂ ಜಗ್ಗಿಲ್ಲ. ಮಷೀನಿಗೆ ಎಣ್ಣೆ ಬಿಟ್ಟು ಸುಮ್ಮನೆ ತುಳಿದೆ. ಮನೆಯೆಲ್ಲ ಸದ್ದು ತುಂಬಿತು. ಬಹಳ ಹೊತ್ತು ತುಳಿಯುತ್ತಲೇ ಇದ್ದೆ. ಬಟ್ಟೆಯಿಲ್ಲದೆ ಮಷೀನು ತುಳಿದರೆ ಹಾಳಾಗುತ್ತೆ ಅಂತ ನೀನು ಬೈಯುತ್ತೀಯ. ಬಂದು ಬೈ.